ನಂದಿಬೆಟ್ಟಕ್ಕೆ ಸೈಕಲ್ ಕ್ಲಬ್ಬಿನ ಭಾನುವಾರದ ಸವಾರಿ: ಗುಂಪನ್ನು ಕರೆದೊಯ್ದು ಕ್ಷೇಮವಾಗಿ ಕರೆತರುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಸೈಕಲ್ ಸವಾರರಿಗೆ ನಂದಿಬೆಟ್ಟದ ಏರು ಬಹುಕಾಲದಿಂದ ಒಂದು ಅಳತೆಗೋಲಾಗಿದೆ. ನಗರದಿಂದ ಸುಮಾರು 60 ಕಿ.ಮೀ. ದೂರದಲ್ಲಿ, ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿರುವ ಈ ಬೆಟ್ಟಕ್ಕೆ ಗೇರ್ ಸೈಕಲ್ ಕೊಂಡವರೆಲ್ಲ ಒಂದಲ್ಲ ಒಂದು ಭಾನುವಾರ ಹೊರಟೇ ಹೊರಡುತ್ತಾರೆ. ಆದರೆ ಒಬ್ಬರೇ ಹೋಗಿ ಬರುವುದು ಬೇರೆ, ಇಪ್ಪತ್ತು ಜನರನ್ನು ಕರೆದೊಯ್ದು ಇಪ್ಪತ್ತು ಜನರನ್ನೂ ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಸೇರಿಸುವುದು ಬೇರೆ. ಈ ಎರಡನೆಯ ಕೆಲಸವನ್ನು ಹೊತ್ತುಕೊಂಡವರಿಗಾಗಿ, ಅಂದರೆ ಕ್ಲಬ್ಬಿನ ಸವಾರಿಯನ್ನು ಮುನ್ನಡೆಸುವವರಿಗಾಗಿ ಮತ್ತು ಅದರಲ್ಲಿ ಮೊದಲ ಬಾರಿಗೆ ಪಾಲ್ಗೊಳ್ಳುವವರಿಗಾಗಿ ಈ ಬರಹ.

ನಾನು ಇಲ್ಲಿ ಹೇಳುವುದೆಲ್ಲ ಒಂದೇ ನಂಬಿಕೆಯ ಮೇಲೆ ನಿಂತಿದೆ. ಗುಂಪು ಸವಾರಿಯನ್ನು ಅಳೆಯಬೇಕಾದದ್ದು ಮೊದಲು ತುದಿ ಮುಟ್ಟಿದವರ ಸಮಯದಿಂದಲ್ಲ, ಕೊನೆಯವರು ಯಾವ ಸ್ಥಿತಿಯಲ್ಲಿ ತಲುಪಿದರು ಎಂಬುದರಿಂದ. ಇದನ್ನು ಒಪ್ಪಿಕೊಂಡರೆ ಉಳಿದ ನಿಯಮಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ: ಸಮತಟ್ಟಾದ ರಸ್ತೆಯಲ್ಲಿ ಗುಂಪು ಕೂಡಿ ಸಾಗಬೇಕು, ಏರಿನಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಬಿಡಿಯಾಗಿ ಹತ್ತಬೇಕು, ಇಳಿಜಾರಿನಲ್ಲಿ ಒಬ್ಬರಿಂದೊಬ್ಬರು ದೂರವಿರಬೇಕು.

ಹಾದಿಯನ್ನು ಆರಿಸುವುದು

ಬೆಂಗಳೂರಿನ ಒಳಗಿನಿಂದಲೇ ತುಳಿಯುತ್ತಾ ಹೊರಡುವ ಕ್ಲಬ್ಬುಗಳೂ ಇವೆ. ಹೊಸಬರಿರುವ ಗುಂಪಿಗೆ ನಾನು ಅದನ್ನು ಸೂಚಿಸುವುದಿಲ್ಲ. ಹೆಬ್ಬಾಳದಿಂದ ವಿಮಾನ ನಿಲ್ದಾಣದವರೆಗಿನ ಹೆದ್ದಾರಿಯಲ್ಲಿ ಕತ್ತಲಲ್ಲೂ ಟ್ಯಾಕ್ಸಿಗಳು ವೇಗವಾಗಿ ಓಡುತ್ತಿರುತ್ತವೆ; ಸರ್ವಿಸ್ ರಸ್ತೆಯನ್ನೇ ಹಿಡಿದರೂ ಅದು ಅಲ್ಲಲ್ಲಿ ತುಂಡಾಗುತ್ತದೆ, ಎದುರಿನಿಂದ ಬೈಕುಗಳು ನುಗ್ಗುತ್ತವೆ. ಸೈಕಲ್ಲುಗಳನ್ನು ಕಾರಿನಲ್ಲಿ ಹೇರಿಕೊಂಡು ದೇವನಹಳ್ಳಿಗೆ ಬಂದು, ಕೋಟೆಯ ಬಳಿ ಸೇರಿ ಅಲ್ಲಿಂದ ಸವಾರಿ ಆರಂಭಿಸುವುದು ಎಲ್ಲ ರೀತಿಯಿಂದಲೂ ಮೇಲು. ಅಲ್ಲಿಂದ ಹೆದ್ದಾರಿಯಲ್ಲಿ ಸ್ವಲ್ಪ ದೂರ ಮಾತ್ರ ಸಾಗಿ, ರಾಣಿ ಕ್ರಾಸ್ ಬಳಿ ಎಡಕ್ಕೆ ಹೊರಳಿ, ಕಾರಹಳ್ಳಿ ಕ್ರಾಸ್ ದಾಟಿ ಬೆಟ್ಟದ ಬುಡ ಸೇರಬಹುದು. ದಾರಿಯುದ್ದಕ್ಕೂ ದ್ರಾಕ್ಷಿ ಚಪ್ಪರಗಳು, ಹಿಪ್ಪುನೇರಳೆ ತೋಟಗಳು, ರಾಗಿ ಹೊಲಗಳು. ರಸ್ತೆ ಸಮತಟ್ಟು ಎಂದು ಕಂಡರೂ ಸಣ್ಣ ಸಣ್ಣ ದಿಬ್ಬಗಳ ಏರಿಳಿತ ನಿಲ್ಲುವುದಿಲ್ಲ. ದೇವನಹಳ್ಳಿಯಿಂದ ಬೆಟ್ಟದ ತುದಿಗೆ ಸುಮಾರು 25ರಿಂದ 30 ಕಿ.ಮೀ. ಎಂದು ಇಟ್ಟುಕೊಳ್ಳಬಹುದು.

ಬಂದ ದಾರಿಯಲ್ಲೇ ಮರಳಿದರೆ ಒಟ್ಟು 60 ಕಿ.ಮೀ. ಒಳಗೆ ಸವಾರಿ ಮುಗಿಯುತ್ತದೆ, ಮೊದಲ ಸಲ ಬರುವವರಿಗೆ ಇಷ್ಟು ಸಾಕು. ಗುಂಪಿನಲ್ಲಿ ಎಲ್ಲರೂ ಪಳಗಿದವರಾಗಿದ್ದರೆ ಬೆಟ್ಟ ಇಳಿದ ಮೇಲೆ ದೊಡ್ಡಬಳ್ಳಾಪುರದ ಕಡೆಗೆ ಹೊರಳಿ, ಅಲ್ಲಿಂದ ದೇವನಹಳ್ಳಿಗೆ ಬರುವ ಬಳಸುದಾರಿಯನ್ನು ಹಿಡಿಯಬಹುದು. ಆಗ ಒಟ್ಟು ದೂರ 70–80 ಕಿ.ಮೀ. ಆಸುಪಾಸಿಗೆ ಬರುತ್ತದೆ. ಎರಡರಲ್ಲಿ ಯಾವುದು ಎಂಬುದನ್ನು ಮುಂಚಿನ ದಿನವೇ ತೀರ್ಮಾನಿಸಿ ಎಲ್ಲರಿಗೂ ತಿಳಿಸಬೇಕು. ಬೆಟ್ಟದ ಮೇಲೆ ಕಾಫಿ ಕುಡಿಯುತ್ತಾ, ಇನ್ನೂ ಬಲವಿರುವ ನಾಲ್ಕು ಜನರ ಉತ್ಸಾಹಕ್ಕೆ ಮಣಿದು ದಾರಿ ಬದಲಿಸಿದರೆ, ಮಾತನಾಡದೆ ಕುಳಿತಿರುವ ಐದನೆಯವರು ದೊಡ್ಡಬಳ್ಳಾಪುರ ತಲುಪುವಷ್ಟರಲ್ಲಿ ಬಸವಳಿದಿರುತ್ತಾರೆ.

ಮುನ್ನಡೆಸುವವರು ಆ ದಾರಿಯಲ್ಲಿ ಹತ್ತಿರದ ದಿನಗಳಲ್ಲಿ ಒಮ್ಮೆಯಾದರೂ ಹೋಗಿ ಬಂದಿರಬೇಕು, ಬೈಕಿನಲ್ಲಾದರೂ ಸರಿ. ಮಳೆಗಾಲದ ನಂತರ ರಸ್ತೆಯ ಸ್ಥಿತಿ ವಾರದಿಂದ ವಾರಕ್ಕೆ ಬದಲಾಗುತ್ತದೆ. ಕುಡಿಯುವ ನೀರು ಎಲ್ಲಿ ಸಿಗುತ್ತದೆ, ಯಾವ ಹೋಟೆಲ್ ಎಷ್ಟು ಗಂಟೆಗೆ ಬಾಗಿಲು ತೆರೆಯುತ್ತದೆ, ಹೆಣ್ಣುಮಕ್ಕಳು ಬಳಸಬಹುದಾದ ಶೌಚಾಲಯ ಎಲ್ಲಿದೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಕೊನೆಯದನ್ನು ಬಹಳಷ್ಟು ಕ್ಲಬ್ಬುಗಳು ಮರೆಯುತ್ತವೆ, ಹೊಸ ಮಹಿಳಾ ಸವಾರರು ಎರಡನೆಯ ಬಾರಿ ಬಾರದಿರಲು ಇದೂ ಒಂದು ಕಾರಣವಾಗಬಹುದು. ಬೆಟ್ಟದ ಪ್ರವೇಶದ ಸಮಯ, ಶುಲ್ಕ ಮತ್ತು ವಾರಾಂತ್ಯದ ನಿರ್ಬಂಧಗಳು ಆಗಾಗ ಬದಲಾಗುವುದರಿಂದ ಆ ವಾರದ ನಿಯಮವನ್ನು ವಿಚಾರಿಸಿಯೇ ದಿನವನ್ನು ಗೊತ್ತುಮಾಡಬೇಕು.

ಗುಂಪನ್ನು ಕಟ್ಟುವುದು

ಒಂದು ಗುಂಪಿನಲ್ಲಿ ಎಂಟರಿಂದ ಹತ್ತು ಜನರಿಗಿಂತ ಹೆಚ್ಚು ಇರಬಾರದು. ಇಪ್ಪತ್ತು ಜನ ಹೆಸರು ಕೊಟ್ಟಿದ್ದರೆ ಎರಡು ಗುಂಪು ಮಾಡಿ, ನಡುವೆ ಐದು ನಿಮಿಷ ಬಿಟ್ಟು ಹೊರಡಿಸಬೇಕು. ಇಪ್ಪತ್ತು ಸೈಕಲ್ಲುಗಳು ಒಂದೇ ಸಾಲಾಗಿ ಸಾಗಿದರೆ ಹಿಂದೆ ಬರುವ ಬಸ್ಸಿಗೆ ದಾಟಲು ಎಡೆಯೇ ಸಿಗುವುದಿಲ್ಲ. ತಾಳ್ಮೆಗೆಟ್ಟ ಚಾಲಕ ಎದುರಿನ ವಾಹನ ಕಂಡೊಡನೆ ಎಡಕ್ಕೆ ಎಳೆಯುವಾಗ ಸಾಲಿನ ಮಧ್ಯದವರು ರಸ್ತೆಯಿಂದಾಚೆ ತಳ್ಳಲ್ಪಡುತ್ತಾರೆ.

ಪ್ರತಿ ಗುಂಪಿಗೆ ಮುಂದೊಬ್ಬರು, ಹಿಂದೊಬ್ಬರು ಬೇಕು. ಮುಂದಿರುವವರನ್ನು ಲೀಡ್ ಎಂದೂ ಹಿಂದಿರುವವರನ್ನು ಸ್ವೀಪ್ ಎಂದೂ ಕರೆಯುವ ವಾಡಿಕೆ. ಕ್ಲಬ್ಬಿನ ಅತ್ಯಂತ ಅನುಭವಿ ಸವಾರ ಹಿಂದಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ದಾರಿ ತೋರಿಸುವ ಕೆಲಸವನ್ನು ಹ್ಯಾಂಡಲ್ ಮೇಲಿನ ಮೊಬೈಲ್ ಅರ್ಧ ಮಾಡಿಕೊಡುತ್ತದೆ. ಆದರೆ ಪಂಕ್ಚರ್ ತಿದ್ದುವುದು, ಸ್ನಾಯು ಸೆಳೆತದಿಂದ ಕುಳಿತುಬಿಟ್ಟವರ ಜೊತೆ ನಿಲ್ಲುವುದು, ಇನ್ನು ತುಳಿಯಬಾರದು ಎಂದು ಹೇಳಬೇಕಾದಾಗ ಮನಸ್ಸು ನೋಯದಂತೆ ಹೇಳುವುದು, ಇವೆಲ್ಲ ಹಿಂದಿರುವವರ ಪಾಲಿನ ಕೆಲಸ. ಸ್ವೀಪ್ ಆದವರು ಯಾವ ಕಾರಣಕ್ಕೂ ಯಾರನ್ನೂ ದಾಟಿ ಮುಂದೆ ಹೋಗಬಾರದು. ಅವರು ಬಂದರೆಂದರೆ ಎಲ್ಲರೂ ಬಂದಂತೆ ಎಂಬ ಭರವಸೆಯ ಮೇಲೆಯೇ ಇಡೀ ಏರ್ಪಾಡು ನಿಂತಿರುತ್ತದೆ.

ಸವಾರಿಗೆ ಸೇರಿಸಿಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇತ್ತೀಚೆಗೆ ಸಮತಟ್ಟಾದ ರಸ್ತೆಯಲ್ಲಿ 40 ಕಿ.ಮೀ. ದೂರವನ್ನು ಮರುದಿನ ಏಳಲಾಗದಷ್ಟು ದಣಿಯದೆ ತುಳಿದಿದ್ದೀರಾ? ಇಲ್ಲ ಎಂದವರಿಗೆ ಬೇಡ ಎನ್ನಬೇಕಿಲ್ಲ, ನಾಲ್ಕೈದು ವಾರ ಅಭ್ಯಾಸ ಮಾಡಿ ಮುಂದಿನ ಸವಾರಿಗೆ ಬನ್ನಿ ಎನ್ನಬೇಕು. ಬರುವವರ ಹೆಸರು, ರಕ್ತದ ಗುಂಪು, ಮನೆಯವರ ದೂರವಾಣಿ ಸಂಖ್ಯೆ, ಆಸ್ತಮಾ ಅಥವಾ ಸಕ್ಕರೆ ಕಾಯಿಲೆಯಂಥ ತೊಂದರೆ ಇದ್ದರೆ ಅದರ ವಿವರ, ಇಷ್ಟು ಲೀಡ್ ಮತ್ತು ಸ್ವೀಪ್ ಇಬ್ಬರ ಬಳಿಯೂ ಇರಬೇಕು. ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಸಾಲದು. ಬೆಟ್ಟದ ತಿರುವುಗಳಲ್ಲಿ ಸಿಗ್ನಲ್ ಹೋಗುವುದುಂಟು, ಕಾಗದದ ಮೇಲೆ ಬರೆದಿಟ್ಟುಕೊಂಡಿರಬೇಕು.

ಸೈಕಲ್ಲಿನ ತಪಾಸಣೆ

ಶನಿವಾರ ಸಂಜೆಯೇ ಪ್ರತಿಯೊಬ್ಬರೂ ತಮ್ಮ ಸೈಕಲ್ಲನ್ನು ನೋಡಿಕೊಳ್ಳಬೇಕು. ಬ್ರೇಕ್ ಲಿವರನ್ನು ಪೂರ್ತಿ ಅದುಮಿದಾಗ ಅದು ಹ್ಯಾಂಡಲ್‌ಗೆ ತಾಗುವಂತಿದ್ದರೆ ಆ ಸೈಕಲ್ ಬೆಟ್ಟಕ್ಕೆ ಯೋಗ್ಯವಲ್ಲ. ಬ್ರೇಕ್ ಪ್ಯಾಡ್ ಸವೆದು ಗೆರೆಗಳು ಕಾಣದಂತಾಗಿದ್ದರೆ ಬದಲಿಸಬೇಕು. ಮುಂದಿನ ಚಕ್ರವನ್ನು ಎತ್ತಿ ಮೇಲಿನಿಂದ ಒಮ್ಮೆ ಗುದ್ದಿ, ಚಕ್ರವನ್ನು ಹಿಡಿದಿಡುವ ಕ್ವಿಕ್ ರಿಲೀಸ್ ಬಿಗಿಯಾಗಿದೆಯೇ ಎಂದು ಪರೀಕ್ಷಿಸಬೇಕು. ಕಾರಿನಲ್ಲಿ ಚಕ್ರ ಬಿಚ್ಚಿ ತಂದವರಿಗೆ ಇದನ್ನು ಬೆಳಗ್ಗೆ ಮತ್ತೊಮ್ಮೆ ಮಾಡಿಸಲೇಬೇಕು. ಟೈರಿನ ಗಾಳಿಯ ವಿಷಯದಲ್ಲಿ ಹೆಚ್ಚು ತುಂಬಿದಷ್ಟೂ ಒಳ್ಳೆಯದು ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. 28 ಮಿ.ಮೀ. ಅಗಲದ ಟೈರಿಗೆ, ಸಾಧಾರಣ ಮೈತೂಕದವರಿಗೆ, 70ರಿಂದ 80 ಪಿಎಸ್ಐ ಸಾಕು. ನಮ್ಮ ಒರಟು ರಸ್ತೆಗಳಲ್ಲಿ ಅದಕ್ಕಿಂತ ಗಟ್ಟಿಯಾದ ಟೈರು ಪುಟಿಯುತ್ತದೆ, ತಿರುವಿನಲ್ಲಿ ಹಿಡಿತ ಬಿಡುತ್ತದೆ.

ಏರಿನ ಸವಾರಿಯಲ್ಲಿ ಗೇರಿನ ಲೆಕ್ಕ ಎಲ್ಲಕ್ಕಿಂತ ಮುಖ್ಯ, ಆದ್ದರಿಂದ ಅದನ್ನು ಬಿಡಿಸಿ ಹೇಳುತ್ತೇನೆ. ಮುಂದೆ 34 ಹಲ್ಲು, ಹಿಂದೆ 32 ಹಲ್ಲು ಇರುವ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು ಎರಡೂಕಾಲು ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ 8 ಕಿ.ಮೀ. ಆಗುತ್ತದೆ. ಹಿಂದೆ ಇರುವ ಅತಿ ದೊಡ್ಡ ಗೇರು 25 ಹಲ್ಲಿನದಾದರೆ, ಅದೇ 60 ಸುತ್ತಿಗೆ ಗಂಟೆಗೆ 10 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿ ಹೋಗಬೇಕಾಗುತ್ತದೆ, ಅಂದರೆ ಕಾಲಿನಿಂದ ಕಾಲುಭಾಗಕ್ಕಿಂತ ಹೆಚ್ಚಿನ ಶಕ್ತಿ ಹೊಮ್ಮಬೇಕು. ಹೊಸಬರಿಗೆ ಅದು ಏರಿನುದ್ದಕ್ಕೂ ಸಾಧ್ಯವಾಗುವುದಿಲ್ಲ. ಅವರು ನಿಮಿಷಕ್ಕೆ 45 ಸುತ್ತಿಗೆ ಇಳಿದು, ಮೊಣಕಾಲಿನ ಮೇಲೆ ಭಾರ ಹಾಕಿ ತಳ್ಳತೊಡಗುತ್ತಾರೆ, ಮರುದಿನ ಮೆಟ್ಟಿಲು ಇಳಿಯುವಾಗ ಅದರ ಫಲ ಕಾಣುತ್ತದೆ. ರೇಸಿಂಗ್ ಸೈಕಲ್ ಕೊಂಡವರು ನಂದಿಗೆ ಬರುವ ಮೊದಲು ಹಿಂದಿನ ಕ್ಯಾಸೆಟ್ಟನ್ನು, ಅಂದರೆ ಹಿಂಚಕ್ರದ ಹಲ್ಲುಗಾಲಿಗಳ ಗುಚ್ಛವನ್ನು, 32 ಅಥವಾ 34 ಹಲ್ಲಿನದಕ್ಕೆ ಬದಲಿಸಿಕೊಳ್ಳುವುದು ದುಬಾರಿ ಚಕ್ರ ಕೊಳ್ಳುವುದಕ್ಕಿಂತ ಎಷ್ಟೋ ಹೆಚ್ಚು ಉಪಯುಕ್ತ.

ಪ್ರತಿಯೊಬ್ಬರ ಬಳಿ ತಮ್ಮ ಚಕ್ರಕ್ಕೆ ಹೊಂದುವ ಒಂದು ಟ್ಯೂಬ್, ಎರಡು ಟೈರ್ ಲಿವರ್, ಸಣ್ಣ ಪಂಪು ಇರಬೇಕು. ಗುಂಪಿಗೆ ಒಂದರಂತೆ ಪ್ಯಾಚ್ ಡಬ್ಬಿ, ಮಲ್ಟಿಟೂಲ್, ಚೈನ್ ಕತ್ತರಿಸುವ ಸಾಧನ, ಚೈನ್ ಕೊಂಡಿ ಸಾಕು. ಟ್ಯೂಬಿಗೆ ತೆಳ್ಳನೆಯ ಪ್ರೆಸ್ಟಾ ವಾಲ್ವ್ ಇರುವವರು ಪುಟ್ಟ ಹಿತ್ತಾಳೆಯ ಅಡಾಪ್ಟರ್ ಇಟ್ಟುಕೊಂಡಿರಲಿ. ಹಳ್ಳಿಯ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೈಕಿನ ವಾಲ್ವಿಗೆ ಹೊಂದುವಂತಿರುತ್ತದೆ, ಅಡಾಪ್ಟರ್ ಇಲ್ಲದಿದ್ದರೆ ಕಣ್ಣೆದುರಿಗೆ ಗಾಳಿ ಇದ್ದೂ ಪ್ರಯೋಜನವಿಲ್ಲ. ಹೆಲ್ಮೆಟ್ ಇಲ್ಲದವರನ್ನು ಸವಾರಿಗೆ ಸೇರಿಸಿಕೊಳ್ಳಬಾರದು, ಇದರಲ್ಲಿ ರಿಯಾಯಿತಿ ಬೇಡ. ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಎಲ್ಲ ಋತುವಿನಲ್ಲೂ ಬೇಕು. ನವೆಂಬರಿನಿಂದ ಫೆಬ್ರವರಿವರೆಗೆ ದೇವನಹಳ್ಳಿಯ ಸುತ್ತ ಬೆಳಗಿನ ಮಂಜು ದಟ್ಟವಾಗಿ ಕವಿಯುವುದರಿಂದ ಸೂರ್ಯ ಹುಟ್ಟಿದ ಮೇಲೂ ದೀಪ ಆರಿಸಬಾರದು.

ತಿನ್ನುವುದು, ಕುಡಿಯುವುದು

ಹೊರಡುವ ಮುನ್ನ ಒಂದು ಬಾಳೆಹಣ್ಣು, ಎರಡು ಇಡ್ಲಿ ಅಥವಾ ಎರಡು ಚೂರು ಬ್ರೆಡ್ಡಿನಷ್ಟು ಹಗುರವಾಗಿ ತಿಂದಿರಬೇಕು. ಮಸಾಲೆದೋಸೆ, ಪೂರಿ, ಚೌಚೌಬಾತು ಬೆಟ್ಟ ಇಳಿದ ಮೇಲೆ. ತುಪ್ಪ, ಎಣ್ಣೆಯ ಪದಾರ್ಥ ಹೊಟ್ಟೆಯಲ್ಲಿ ಇಳಿಯಲು ಸಮಯ ಬೇಕು, ಏರಿನಲ್ಲಿ ರಕ್ತವೆಲ್ಲ ಕಾಲಿಗೆ ಹರಿಯುತ್ತಿರುವಾಗ ಅದು ಅಲ್ಲೇ ಕುಳಿತು ವಾಕರಿಕೆ ತರುತ್ತದೆ. ಸವಾರಿಯ ಮೊದಲ ಗಂಟೆ ಕಳೆದ ಮೇಲೆ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ದೇಹಕ್ಕೆ ಸೇರುತ್ತಿರಬೇಕು. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಜೊತೆಗೆ ಕಡಲೆಮಿಠಾಯಿ ಅಥವಾ ಖರ್ಜೂರ ಇದ್ದರೆ ವಿದೇಶಿ ಜೆಲ್ಲುಗಳ ಅಗತ್ಯವೇ ಇಲ್ಲ. ಹಸಿವಾದ ಮೇಲೆ ತಿನ್ನುತ್ತೇನೆ ಎಂದು ಕಾದರೆ ತಡವಾಗಿರುತ್ತದೆ: ಕೈ ನಡುಗಿ, ತಣ್ಣನೆಯ ಬೆವರು ಬಂದು, ಮಾತು ತೊದಲತೊಡಗಿದರೆ ರಕ್ತದಲ್ಲಿ ಸಕ್ಕರೆ ಕುಸಿದಿದೆ ಎಂದೇ ತಿಳಿದು ಸವಾರರನ್ನು ಕೂರಿಸಿ ಸಿಹಿಯಾದದ್ದನ್ನು ಕೊಡಬೇಕು.

ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಬೇಕಾಗುತ್ತದೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಎರಡು ಬಾಟಲಿಗಳಲ್ಲಿ ಒಂದಕ್ಕೆ ಓಆರ್‌ಎಸ್ ಬೆರೆಸಿಕೊಳ್ಳಬಹುದು. ಪೊಟ್ಟಣದ ಮೇಲೆ ಬರೆದಿರುವಷ್ಟು ನೀರಿಗೇ ಬೆರೆಸಬೇಕು, ಗಟ್ಟಿಯಾಗಿ ಬೆರೆಸಿದರೆ ಬಾಯಾರಿಕೆ ಹೆಚ್ಚುತ್ತದೆ.

ದೇವನಹಳ್ಳಿಯಿಂದ ಬೆಟ್ಟದ ಬುಡದವರೆಗೆ

ಬೆಳಗ್ಗೆ ಐದೂವರೆಗೆ ಎಲ್ಲರೂ ಸೇರಿರಬೇಕು, ಆರಕ್ಕೆ ಚಕ್ರ ಉರುಳಬೇಕು. ನಡುವಿನ ಅರ್ಧ ಗಂಟೆಯಲ್ಲಿ ಹಾಜರಿ ಕರೆದು, ಪ್ರತಿ ಸೈಕಲ್ಲಿನ ಗಾಳಿ, ಬ್ರೇಕು, ಚೈನು ನೋಡಿ, ಲೀಡ್ ಆದವರು ಐದು ನಿಮಿಷ ಮಾತನಾಡಬೇಕು. ಹೇಳಬೇಕಾದದ್ದು ಹೆಚ್ಚೇನಿಲ್ಲ: ಎಲ್ಲೆಲ್ಲಿ ನಿಲ್ಲುತ್ತೇವೆ, ಸ್ವೀಪ್ ಯಾರು, ಸಂಕೇತಗಳೇನು, ಯಾವ ಹೊತ್ತಿಗೆ ಎಲ್ಲಿದ್ದರೂ ಹಿಂದಿರುಗುತ್ತೇವೆ.

ಸಮತಟ್ಟಾದ ರಸ್ತೆಯಲ್ಲಿ ಗುಂಪಾಗಿ ಸಾಗುವುದರ ಲಾಭ ದೊಡ್ಡದು. ಗಂಟೆಗೆ 25–30 ಕಿ.ಮೀ. ವೇಗದಲ್ಲಿ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ಮುಂದಿನವರ ಬೆನ್ನಿಗೆ ಹತ್ತಿರವಾಗಿ ಸಾಗುವವರಿಗೆ ಅದರಲ್ಲಿ ಕಾಲುಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಉಳಿತಾಯವಾಗುತ್ತದೆ. ಆದರೆ ಹತ್ತಿರ ಎಂದರೆ ಚಕ್ರಕ್ಕೆ ಚಕ್ರ ತಾಗುವಂತೆ ಅಲ್ಲ. ಪಳಗದವರ ಗುಂಪಿನಲ್ಲಿ ಒಂದು ಸೈಕಲ್ಲಿನ ಉದ್ದದಷ್ಟಾದರೂ ಅಂತರವಿರಲಿ. ಮುಂದಿನವರ ಹಿಂಚಕ್ರದ ಪಕ್ಕಕ್ಕೆ ನಮ್ಮ ಮುಂಚಕ್ರವನ್ನು ಸೇರಿಸಿ ಸಾಗುವುದು ಅತ್ಯಂತ ಅಪಾಯಕಾರಿ. ಅವರು ಗುಂಡಿ ತಪ್ಪಿಸಲು ಒಂದು ಗೇಣು ಸರಿದರೂ ಬೀಳುವವರು ಹಿಂದಿನವರು. ದಿಬ್ಬ ಬಂದಾಗ ಎದ್ದು ನಿಂತು ತುಳಿಯುವ ಅಭ್ಯಾಸವಿರುವವರು, ಏಳುವ ಕ್ಷಣದಲ್ಲಿ ಪೆಡಲಿನ ಮೇಲಿನ ಒತ್ತಡ ಸಡಿಲಬಾರದೆಂದು ನೆನಪಿಡಬೇಕು. ಸಡಿಲಿದರೆ ಸೈಕಲ್ ಅರೆಕ್ಷಣ ಹಿಂದಕ್ಕೆ ಜಗ್ಗಿದಂತಾಗಿ ಹಿಂದಿನವರಿಗೆ ತಾಗುತ್ತದೆ.

ಲೀಡ್ ಆದವರು ಗಂಟೆಗೆ 20–22 ಕಿ.ಮೀ. ವೇಗವನ್ನು ಬಿಟ್ಟುಕೊಡದೆ, ಹೆಚ್ಚಿಸದೆ ಕಾಯ್ದುಕೊಳ್ಳಬೇಕು. ಬೆಳಗಿನ ತಂಪಿನಲ್ಲಿ ಎಲ್ಲರ ಕಾಲೂ ಚುರುಕಾಗಿರುತ್ತದೆ, ವೇಗ ತಾನಾಗಿ 28ಕ್ಕೆ ಏರುತ್ತದೆ, ಯಾರೂ ದೂರುವುದಿಲ್ಲ. ಅದರ ಸಾಲವನ್ನು ಬೆಟ್ಟ ವಸೂಲು ಮಾಡುತ್ತದೆ. ಪಕ್ಕದವರೊಡನೆ ಪೂರ್ತಿ ವಾಕ್ಯಗಳಲ್ಲಿ ಮಾತನಾಡಲು ಆಗುತ್ತಿದೆಯೇ ಎಂಬುದೇ ಸರಿಯಾದ ವೇಗದ ಪರೀಕ್ಷೆ.

ಸಂಕೇತಗಳನ್ನು ಕೈಯಿಂದ ತೋರಿಸುವುದರ ಜೊತೆಗೆ ಬಾಯಿಂದಲೂ ಕೂಗಬೇಕು, ಮುಂದಿನವರು ಕೂಗಿದ್ದನ್ನು ಹಿಂದಿನವರು ದಾಟಿಸಬೇಕು. 'ಗುಂಡಿ', 'ಹಂಪು', 'ಮರಳು', 'ಹಿಂದೆ ಗಾಡಿ', 'ನಿಲ್ಲಿ' ಎಂಬ ಐದು ಮಾತು ಸಾಕು. ನಮ್ಮ ಹಳ್ಳಿ ರಸ್ತೆಗಳಲ್ಲಿ ಹಂಪಿಗೆ ಬಿಳಿ ಪಟ್ಟೆಯಾಗಲಿ ಫಲಕವಾಗಲಿ ಇರುವುದು ಅಪರೂಪ. ಊರು ಆರಂಭವಾಗುವಲ್ಲಿ, ಶಾಲೆಯ ಮುಂದೆ, ದೇವಸ್ಥಾನದ ಮುಂದೆ ಹಂಪು ಇದ್ದೇ ಇರುತ್ತದೆ ಎಂದುಕೊಂಡೇ ಸಾಗಬೇಕು.

ಹೊರನಾಡಿನ ಕೈಪಿಡಿಗಳಲ್ಲಿ ಸಿಗದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಕೊಯ್ಲಿನ ತಿಂಗಳುಗಳಲ್ಲಿ, ಮುಖ್ಯವಾಗಿ ಡಿಸೆಂಬರ್, ಜನವರಿಯಲ್ಲಿ, ರೈತರು ರಾಗಿಯ ತೆನೆಯನ್ನೂ ಹುರುಳಿ ಗಿಡವನ್ನೂ ಒಕ್ಕಣೆಗಾಗಿ ಡಾಂಬರು ರಸ್ತೆಯ ಮೇಲೆ ಹರಡಿರುತ್ತಾರೆ. ಮೇಲೆ ಹಾದುಹೋಗುವ ಲಾರಿ, ಬಸ್ಸುಗಳ ಚಕ್ರವೇ ಒಕ್ಕುವ ಗುಂಡು. ಸೈಕಲ್ ಸವಾರರಿಗೆ ಹುರುಳಿಯ ಬಳ್ಳಿ ಹೆಚ್ಚು ಕಷ್ಟದ್ದು: ಒಣಗಿದ ನಾರು ಬಳ್ಳಿ ಹಿಂಚಕ್ರಕ್ಕೆ ಸುತ್ತಿಕೊಂಡು ಗೇರು ಬದಲಿಸುವ ಡಿರೇಲರ್‌ನ ಪುಟ್ಟ ಗಾಲಿಗಳ ನಡುವೆ ಸಿಕ್ಕಿಕೊಳ್ಳುತ್ತದೆ; ಆಗಲೂ ಬಲವಾಗಿ ತುಳಿದರೆ ಡಿರೇಲರ್ ತಿರುಚಿ ಚಕ್ರದ ಕಡ್ಡಿಗಳಿಗೆ ಬಡಿಯುತ್ತದೆ, ಸವಾರಿ ಅಲ್ಲಿಗೆ ಮುಗಿಯುತ್ತದೆ. ರಾಗಿಯ ಹುಲ್ಲಿನ ಕೆಳಗೆ ಉದುರಿದ ಕಾಳು ಉರುಳುತ್ತಿರುತ್ತದೆ, ಅದರ ಮೇಲೆ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ. ಆದ್ದರಿಂದ ಒಕ್ಕಣೆ ಕಂಡೊಡನೆ ದೂರದಿಂದಲೇ ವೇಗ ತಗ್ಗಿಸಿ, ಪಕ್ಕದಲ್ಲಿ ಜಾಗವಿದ್ದರೆ ಬಳಸಿ, ಇಲ್ಲದಿದ್ದರೆ ಇಳಿದು ಸೈಕಲ್ಲನ್ನು ಎತ್ತಿ ಹಿಡಿದು ದಾಟಬೇಕು. ಅದು ಅವರ ವರ್ಷದ ಅನ್ನ. ಅದರ ಮೇಲೆ ಚಕ್ರ ಹೊರಳಿಸಿ ರೇಗಾಡುವ ಹಕ್ಕು ನಮಗಿಲ್ಲ.

ನಾಯಿ ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸಬಾರದು, ಕಾಲು ಬೀಸಬಾರದು. ಗುಂಪೆಲ್ಲ ನಿಧಾನಿಸಿ, ಗಟ್ಟಿ ದನಿಯಲ್ಲಿ ಗದರಿ, ಅಗತ್ಯವಾದರೆ ಇಳಿದು ಸೈಕಲ್ಲನ್ನು ನಡುವೆ ಹಿಡಿದು ನಡೆದರೆ ಹೆಚ್ಚಿನ ನಾಯಿಗಳು ಹಿಂದಿರುಗುತ್ತವೆ.

ಏರು

ಬೆಟ್ಟದ ಬುಡದಲ್ಲಿ ಎಲ್ಲರೂ ನಿಲ್ಲಬೇಕು. ಹಾಜರಿ ಕರೆದು, ನೀರು ಕುಡಿದು, ಜಾಕೆಟ್ ಕಳಚಿ, ಅರ್ಧ ಬಾಳೆಹಣ್ಣು ತಿಂದು ಹೊರಡಬೇಕು. ಮುಂದಿರುವುದು ಸುಮಾರು ಏಳೂವರೆ ಕಿ.ಮೀ. ಏರು, ಎತ್ತರದ ಏರಿಕೆ 400 ಮೀಟರಿಗೂ ಹೆಚ್ಚು, ತಿರುವುಗಳು ಸವಾರರ ವಾಡಿಕೆಯ ಲೆಕ್ಕದಲ್ಲಿ 40. ನೂರು ಮೀಟರ್ ಸಾಗಿದರೆ ಸರಾಸರಿ ಐದಾರು ಮೀಟರ್ ಮೇಲೇರುತ್ತೇವೆ. ಗಂಟೆಗೆ 8 ಕಿ.ಮೀ. ವೇಗದಲ್ಲಿ ಹೋದವರಿಗೆ ಇದು 55 ನಿಮಿಷಕ್ಕೂ ಸ್ವಲ್ಪ ಹೆಚ್ಚಿನ ದಾರಿ. ಹೊಸಬರಿಗೆ ಒಂದೂಕಾಲು ಗಂಟೆ ಹಿಡಿದರೂ ಅದರಲ್ಲಿ ಕೊರತೆಯೇನಿಲ್ಲ.

ಇಲ್ಲಿಂದ ಗುಂಪನ್ನು ಒಡೆಯಬೇಕು. ಎಂಟೊಂಬತ್ತು ಕಿ.ಮೀ. ವೇಗದಲ್ಲಿ ಗಾಳಿಯ ಪ್ರತಿರೋಧ ಬಹಳ ಕಡಿಮೆ, ಆದ್ದರಿಂದ ಒಬ್ಬರ ಹಿಂದೆ ಒಬ್ಬರು ಸಾಗುವುದರಿಂದ ಉಳಿತಾಯ ಏನೂ ಇಲ್ಲವೆನ್ನುವಷ್ಟು ಸ್ವಲ್ಪ. ಕಾಲಿನ ಶಕ್ತಿಯೆಲ್ಲ ಮೈತೂಕ ಮತ್ತು ಸೈಕಲ್ಲಿನ ತೂಕವನ್ನು ಮೇಲೆತ್ತುವುದಕ್ಕೇ ಹೋಗುತ್ತದೆ. ಬಲವಿದ್ದವರು ನಿಧಾನವಾಗಿ ಹತ್ತಬೇಕಾದರೆ ಅವರಿಗೆ ತೊಳಲಾಟ, ಬಲ ಕಡಿಮೆಯಿರುವವರು ಅವರೊಡನೆ ಹತ್ತಲು ಹೋದರೆ ಮೂರನೆಯ ಕಿಲೋಮೀಟರಿನಲ್ಲೇ ಉಸಿರು ಕಟ್ಟುತ್ತದೆ. ಆದ್ದರಿಂದ ಎಲ್ಲರೂ ಒಂಟಿಸಾಲಿನಲ್ಲಿ, ತಮ್ಮ ತಮ್ಮ ವೇಗದಲ್ಲಿ ಹತ್ತಲಿ. ಅರ್ಧ ದಾರಿಯಲ್ಲಿ, ರಸ್ತೆ ಅಗಲವಾಗಿ ವಾಹನಗಳಿಗೆ ಅಡ್ಡಿಯಾಗದಂಥ ಜಾಗವನ್ನು ಮೊದಲೇ ಗೊತ್ತುಮಾಡಿ ಅಲ್ಲೊಮ್ಮೆ ಕೂಡಿಕೊಳ್ಳಲಿ. ಅಲ್ಲಿ ಮೊದಲು ಬಂದವರು ಕೊನೆಯವರು ಬಂದೊಡನೆ ಹೊರಟುಬಿಡುವ ಪದ್ಧತಿಯೊಂದಿದೆ. ಅದು ಸರಿಯಲ್ಲ. ಹತ್ತು ನಿಮಿಷ ಸುಧಾರಿಸಿಕೊಂಡವರು ಏಳುವಾಗ ಈಗಷ್ಟೇ ಬಂದವರಿಗೆ ಒಂದು ನಿಮಿಷದ ಬಿಡುವೂ ಸಿಗುವುದಿಲ್ಲ. ಕೊನೆಯವರು ಬಂದು ಐದು ನಿಮಿಷವಾಗುವವರೆಗೆ ಯಾರೂ ಹೊರಡಕೂಡದು ಎಂದು ಲೀಡ್ ಸ್ಪಷ್ಟವಾಗಿ ಹೇಳಿರಬೇಕು.

ಹತ್ತುವ ಕ್ರಮ ಹೀಗೆ. ಏರು ಶುರುವಾಗುವ ಮುನ್ನವೇ ಹಗುರ ಗೇರಿಗೆ ಬರಬೇಕು. ಏರಿನ ಮಧ್ಯದಲ್ಲಿ, ಪೂರ್ತಿ ಒತ್ತಡದಲ್ಲಿ ಮುಂದಿನ ಗೇರು ಬದಲಿಸಿದರೆ ಚೈನು ಕಳಚುತ್ತದೆ. ಸೀಟಿನ ಮೇಲೆ ಸ್ವಲ್ಪ ಹಿಂದೆ ಕುಳಿತು, ಹ್ಯಾಂಡಲನ್ನು ಮೇಲುಭಾಗದಲ್ಲಿ ಸಡಿಲವಾಗಿ ಹಿಡಿದು, ನಿಮಿಷಕ್ಕೆ 60ರಿಂದ 80 ಸುತ್ತು ತುಳಿಯುತ್ತಿರಬೇಕು. ಮೊದಲ ಎರಡು ಕಿಲೋಮೀಟರನ್ನು ಬೇಕೆಂದೇ ನಿಧಾನವಾಗಿ ಹತ್ತಬೇಕು, ಏಕೆಂದರೆ ನಂದಿಯಲ್ಲಿ ಹೆಚ್ಚು ಕಡಿದಾದ ಭಾಗ ಇರುವುದು ಕೊನೆಯಲ್ಲಿ. ನಾವು ಎಡಬದಿಯಲ್ಲಿ ಸಾಗುವುದರಿಂದ ಎಡಕ್ಕೆ ಹೊರಳುವ ತಿರುವಿನಲ್ಲಿ ಒಳಮಗ್ಗುಲು ನಮ್ಮ ಪಾಲಿಗೆ ಬರುತ್ತದೆ, ಅಲ್ಲಿ ರಸ್ತೆ ಇದ್ದಕ್ಕಿದ್ದಂತೆ ಕಡಿದಾಗುತ್ತದೆ. ಅದಕ್ಕೆ ಮುಂಚೆಯೇ ಒಂದು ಗೇರು ಇಳಿಸಿಕೊಳ್ಳಬೇಕು, ಬೇಕಾದರೆ ನಾಲ್ಕು ತುಳಿತ ಎದ್ದು ನಿಲ್ಲಬಹುದು. ಬಲಕ್ಕೆ ಹೊರಳುವ ತಿರುವಿನಲ್ಲಿ ಹೊರಮಗ್ಗುಲು ನಮ್ಮದು, ಅಲ್ಲಿ ಏರು ಮೆತ್ತಗಾಗುತ್ತದೆ; ಅದನ್ನು ವೇಗ ಹೆಚ್ಚಿಸಲು ಬಳಸದೆ ಉಸಿರು ತಹಬಂದಿಗೆ ತಂದುಕೊಳ್ಳಲು ಬಳಸಬೇಕು. ಎಡತಿರುವಿನ ಕಡಿದನ್ನು ತಪ್ಪಿಸಲು ರಸ್ತೆಯ ಬಲಕ್ಕೆ ಹೋಗುವುದು ಮಾತ್ರ ಎಂದಿಗೂ ಬೇಡ. ಮೇಲಿನಿಂದ ಇಳಿಯುವ ಕಾರಿನವರಿಗೆ ನಾವು ಕಾಣುವಷ್ಟರಲ್ಲಿ ಸಮಯ ಮೀರಿರುತ್ತದೆ.

ಭಾನುವಾರದಂದು ಸೂರ್ಯೋದಯ ನೋಡಲು ಬರುವ ಕಾರು, ಬೈಕುಗಳು ಬೆಳಗಿನ ಜಾವ ಮೇಲೇರಿ, ಎಂಟು ಗಂಟೆಯ ಸುಮಾರಿಗೆ ಇಳಿಯತೊಡಗುತ್ತವೆ. ನಾವು ಹತ್ತುವ ಹೊತ್ತಿಗೆ ಇಳಿಯುವವರು ಎದುರಾಗುತ್ತಾರೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವಾಹನ ಸಾಲುಗಟ್ಟಿ ನಿಂತಿದ್ದರೆ ನಡುವೆ ನುಸುಳುವ ಬದಲು ಇಳಿದು ನಡೆಯುವುದು ಲೇಸು. ನಡೆದು ಹತ್ತುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಎಂಬ ಮಾತನ್ನು ಲೀಡ್ ಬೆಳಗ್ಗೆಯೇ ಗಟ್ಟಿಯಾಗಿ ಹೇಳಿಟ್ಟರೆ, ಆಗದಿದ್ದರೂ ತುಳಿಯಲೇಬೇಕೆಂಬ ಹಟದಿಂದ ಹಲವರು ಪಾರಾಗುತ್ತಾರೆ. ಎದೆನೋವು, ತಲೆಸುತ್ತು, ಬೆವರು ನಿಂತು ಚಳಿ ಹತ್ತಿದಂತಾಗುವುದು, ಇವುಗಳಲ್ಲಿ ಯಾವುದು ಕಂಡರೂ ಸವಾರಿ ಅಲ್ಲಿಗೇ ನಿಲ್ಲಬೇಕು. ಎದೆನೋವನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಬಾರದು, 108ಕ್ಕೆ ಕರೆ ಮಾಡಬೇಕು.

ಮೇಲೆ ತಲುಪಿದ ಮೇಲೆ ಒದ್ದೆ ಬಟ್ಟೆಯಲ್ಲಿ ಬಹಳ ಹೊತ್ತು ಗಾಳಿಗೆ ನಿಲ್ಲಬೇಡಿ. ಕೋತಿಗಳಿವೆ, ತಿಂಡಿಯ ಪೊಟ್ಟಣವನ್ನು ಕೈಯಲ್ಲಿ ಹಿಡಿದು ಓಡಾಡುವುದಾಗಲಿ, ಸೈಕಲ್ಲಿನ ಚೀಲದ ಜಿಪ್ ತೆರೆದಿಟ್ಟು ಹೋಗುವುದಾಗಲಿ ಬೇಡ.

ಇಳಿಜಾರು

ಏರಿನಲ್ಲಿ ಬಸವಳಿಯುವವರು ಹಲವರು, ಗಾಯಗೊಳ್ಳುವವರು ಅಪರೂಪ. ಗಾಯಗಳಾಗುವುದು ಇಳಿಯುವಾಗ. ಲೀಡ್ ಆದವರು ಇಳಿಯುವ ಮುನ್ನ ಮತ್ತೊಮ್ಮೆ ಎಲ್ಲರನ್ನೂ ಸೇರಿಸಿ, ಪ್ರತಿ ಸೈಕಲ್ಲಿನ ಎರಡೂ ಬ್ರೇಕನ್ನು ಕೈಯಾರೆ ಒತ್ತಿ ನೋಡಬೇಕು. ಜಾಕೆಟ್ ಹಾಕಿ ಜಿಪ್ ಎಳೆದುಕೊಳ್ಳಬೇಕು, ಏಕೆಂದರೆ ಬೆವರಿದ ಮೈಗೆ ಗಾಳಿ ಬಡಿದು ಬೆರಳು ಮರಗಟ್ಟಿದರೆ ಬ್ರೇಕ್ ಒತ್ತುವ ಬಲವೇ ಉಳಿಯುವುದಿಲ್ಲ.

ಇಪ್ಪತ್ತು ಸೆಕೆಂಡಿಗೆ ಒಬ್ಬರಂತೆ ಹೊರಡಿಸಬೇಕು, ಇಳಿಜಾರಿನಲ್ಲಿ ಯಾರೂ ಯಾರನ್ನೂ ಹಿಂದಿಕ್ಕಬಾರದು. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾದ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ, 20 ಕಿ.ಮೀ. ವೇಗದಲ್ಲಿ ಸುಲಭವಾಗಿ ನಿಲ್ಲುತ್ತಿದ್ದವರು 40ರಲ್ಲಿ ಮುಂದಿನ ತಿರುವನ್ನೇ ದಾಟಿ ಹೋಗುತ್ತಾರೆ. ಎರಡೂ ಕೈಯ ಎರಡೆರಡು ಬೆರಳು ಸದಾ ಬ್ರೇಕ್ ಲಿವರಿನ ಮೇಲಿರಲಿ. ತಿರುವಿಗೆ ಮುಂಚೆ, ಸೈಕಲ್ ನೇರವಾಗಿರುವಾಗಲೇ, ವೇಗವನ್ನು ಬೇಕಾದಷ್ಟಕ್ಕೆ ಇಳಿಸಬೇಕು. ತಿರುವಿನ ಒಳಗೆ ವಾಲಿರುವಾಗ ಮುಂದಿನ ಬ್ರೇಕನ್ನು ಜಗ್ಗಿದರೆ ಚಕ್ರ ಕೆಳಗಿನಿಂದ ಜಾರುತ್ತದೆ. ಹೊರಮಗ್ಗುಲಿನ ಪೆಡಲ್ ಕೆಳಗಿರಲಿ, ಅದರ ಮೇಲೆ ಮೈಭಾರ ಇರಲಿ, ಕಣ್ಣು ತಿರುವು ಮುಗಿಯುವ ಕಡೆಗಿರಲಿ. ತಿರುವಿನ ಹೊರಅಂಚಿನ ಮರಳನ್ನೋ ಕಂದಕವನ್ನೋ ನೋಡುತ್ತಾ ಹೋದರೆ ಸೈಕಲ್ಲು ಅತ್ತಲೇ ಎಳೆಯುತ್ತದೆ.

ಬ್ರೇಕನ್ನು ಕೆಳಗಿನವರೆಗೂ ಒಂದೇ ಸಮನೆ ಅದುಮಿ ಹಿಡಿಯುವುದು ಹೊಸಬರ ಸಾಮಾನ್ಯ ಅಭ್ಯಾಸ. 80 ಕಿಲೋ ತೂಕದ ಸವಾರ ಮತ್ತು ಸೈಕಲ್ 400 ಮೀಟರ್ ಕೆಳಗಿಳಿಯುವಾಗ ಮೂರು ಲಕ್ಷ ಜೂಲಿಗೂ ಹೆಚ್ಚಿನ ಶಕ್ತಿ ಬಿಡುಗಡೆಯಾಗುತ್ತದೆ, ಗಾಳಿ ತಡೆದ ಭಾಗವನ್ನು ಬಿಟ್ಟು ಮಿಕ್ಕದ್ದೆಲ್ಲ ಬ್ರೇಕಿನಲ್ಲಿ ಶಾಖವಾಗುತ್ತದೆ. ರಿಮ್ ಬ್ರೇಕಿನ ಸೈಕಲ್ಲಿನಲ್ಲಿ ರಿಮ್ ಅತಿಯಾಗಿ ಕಾದು ಟ್ಯೂಬ್ ಒಡೆಯಬಹುದು, ಡಿಸ್ಕ್ ಬ್ರೇಕಿನಲ್ಲಿ ಹಿಡಿತ ಕುಗ್ಗಬಹುದು. ಬಲವಾಗಿ ಒತ್ತಿ, ಬಿಟ್ಟು, ಮತ್ತೆ ಒತ್ತುವುದರಿಂದ ನಡುನಡುವೆ ಗಾಳಿ ಅದನ್ನು ತಂಪಾಗಿಸುತ್ತದೆ. ಭಯವಿರುವವರು ಮಧ್ಯೆ ಎರಡು ಬಾರಿ ನಿಂತು, ಕೈ ಸಡಿಲಿಸಿಕೊಂಡು ಇಳಿಯಲಿ; ಸ್ವೀಪ್ ಅವರೊಡನೆ ಇದ್ದೇ ಇರುತ್ತಾರೆ.

ಯಾರಾದರೂ ಬಿದ್ದರೆ ಮೊದಲ ಕೆಲಸ ಮೇಲಿನ ತಿರುವಿಗೆ ಒಬ್ಬರನ್ನು ಕಳುಹಿಸಿ ವಾಹನಗಳನ್ನು ನಿಧಾನಗೊಳಿಸುವುದು. ಆಮೇಲೆ ಬಿದ್ದವರ ಬಳಿ ಹೋಗಬೇಕು. ಕುತ್ತಿಗೆ ಅಥವಾ ಬೆನ್ನಿನಲ್ಲಿ ನೋವೆಂದರೆ, ಅಲ್ಲೇ ಇದ್ದರೆ ಜೀವಕ್ಕೆ ಅಪಾಯ ಎನ್ನುವಂಥ ಸಂದರ್ಭವನ್ನು ಬಿಟ್ಟರೆ ಎಬ್ಬಿಸಿ ಕೂರಿಸಬಾರದು. 108 ಅಥವಾ 112ಕ್ಕೆ ಕರೆ ಮಾಡಿ ಎಷ್ಟನೆಯ ತಿರುವಿನ ಬಳಿ ಎಂದು ಹೇಳಬೇಕು. ತಲೆಗೆ ಪೆಟ್ಟಾಗಿ ಕ್ಷಣಮಾತ್ರ ಪ್ರಜ್ಞೆ ತಪ್ಪಿದ್ದರೂ, ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದರೂ, ನಾನು ಚೆನ್ನಾಗಿದ್ದೇನೆ ಎಂಬ ಅವರ ಮಾತನ್ನು ನಂಬದೆ ಆಸ್ಪತ್ರೆಗೆ ಕರೆದೊಯ್ಯಬೇಕು. ತರಚು ಗಾಯವನ್ನು ಬಾಟಲಿಯ ಶುದ್ಧ ನೀರಿನಿಂದ ಧಾರಾಳವಾಗಿ ತೊಳೆದು ಸ್ವಚ್ಛ ಗಾಜ್ ಬಟ್ಟೆ ಮುಚ್ಚಬೇಕು, ಅರಿಸಿನವನ್ನೋ ಮಣ್ಣನ್ನೋ ಮೆತ್ತಬಾರದು. ಪೆಟ್ಟಾದ ಹೆಲ್ಮೆಟ್ಟನ್ನು, ಹೊರಗೆ ಬಿರುಕು ಕಾಣದಿದ್ದರೂ, ಮತ್ತೆ ಬಳಸಕೂಡದು.

ಮರಳುವ ದಾರಿ

ಬುಡದಲ್ಲಿ ಮೂರನೆಯ ಬಾರಿ ಹಾಜರಿ. ಈಗ ಹೊಟ್ಟೆ ತುಂಬ ತಿಂಡಿ ತಿನ್ನಬಹುದು, ಆದರೆ ಎದ್ದ ಮೇಲೆ ಮೊದಲ ಕೆಲವು ಕಿಲೋಮೀಟರ್ ನಿಧಾನವಾಗಿ ಸಾಗಬೇಕು. ಸಮಯವಿದ್ದರೆ ಬೆಟ್ಟದ ಇನ್ನೊಂದು ಮಗ್ಗುಲಿನ ನಂದಿ ಗ್ರಾಮದಲ್ಲಿರುವ ಭೋಗನಂದೀಶ್ವರ ದೇವಾಲಯಕ್ಕೆ ಹೋಗಿ ಬರಬೇಕೆಂದು ಬಲವಾಗಿ ಸೂಚಿಸುತ್ತೇನೆ. ಒಂಬತ್ತನೆಯ ಶತಮಾನದಷ್ಟು ಹಿಂದಿನ ಈ ಗುಡಿಯನ್ನು ಮುಂದಿನ ಅರಸುಮನೆತನಗಳು ಒಂದೊಂದಾಗಿ ಬೆಳೆಸಿದವು. ಅದರ ಕಂಬಗಳನ್ನೂ ಮೆಟ್ಟಿಲುಗಳ ಕಲ್ಯಾಣಿಯನ್ನೂ ನೋಡದೆ ಬೆಟ್ಟವನ್ನಷ್ಟೇ ಹತ್ತಿಳಿದರೆ ಈ ಊರನ್ನು ಅರ್ಧ ಕಂಡಂತೆ. ಪೆಡಲಿಗೆ ಕಚ್ಚಿಕೊಳ್ಳುವ ಲೋಹದ ಕ್ಲೀಟ್ ಇರುವ ಬೂಟುಗಳು ಕಲ್ಲಿನ ಮೇಲೆ ಜಾರುತ್ತವೆ, ಅವನ್ನು ಹೊರಗೇ ಕಳಚಿಡಿ. ಸೈಕಲ್ಲುಗಳ ಬಳಿ ಸರದಿಯ ಪ್ರಕಾರ ಇಬ್ಬರು ನಿಲ್ಲಲಿ.

ಹತ್ತು ಗಂಟೆಯ ನಂತರ ಬಿಸಿಲು ಏರುತ್ತದೆ, ಚಿಕ್ಕಬಳ್ಳಾಪುರ ಕಡೆಯ ಕಲ್ಲುಕ್ವಾರಿಗಳ ಟಿಪ್ಪರುಗಳ ಓಡಾಟವೂ ಇರಬಹುದು. ದಣಿದ ಗುಂಪು ಗಮನ ಕಳೆದುಕೊಳ್ಳುವ ಹೊತ್ತೂ ಇದೇ. ಸಂಕೇತ ಕೂಗುವುದು ನಿಲ್ಲುತ್ತದೆ, ಇಬ್ಬಿಬ್ಬರಾಗಿ ಮಾತನಾಡುತ್ತಾ ಸಾಗುವುದು ಶುರುವಾಗುತ್ತದೆ. ಲೀಡ್ ಇಲ್ಲಿ ವೇಗವನ್ನು ಗಂಟೆಗೆ 18 ಕಿ.ಮೀ.ಗೆ ಇಳಿಸಿ, ಅರ್ಧ ಗಂಟೆಗೊಮ್ಮೆ ನೆರಳಲ್ಲಿ ನಿಲ್ಲಿಸಿ ನೀರು ಕುಡಿಸಬೇಕು. ಬಾಳೆಹಣ್ಣಿನ ಸಿಪ್ಪೆಯಿಂದ ಹಿಡಿದು ಹರಿದ ಟ್ಯೂಬಿನವರೆಗೆ ಎಲ್ಲ ಕಸವೂ ಜೇಬಿನಲ್ಲೇ ದೇವನಹಳ್ಳಿಗೆ ಬರಬೇಕು.

ಕೋಟೆಯ ಬಳಿ ಕೊನೆಯ ಹಾಜರಿ ಮುಗಿಯುವವರೆಗೆ ಲೀಡ್ ತಮ್ಮ ಸೈಕಲ್ಲನ್ನು ಕಾರಿಗೆ ಹೇರಬಾರದು. ಯಾರ ಬ್ರೇಕು ಸದ್ದು ಮಾಡುತ್ತಿತ್ತು, ಯಾರಿಗೆ ಗೇರು ಸಾಲಲಿಲ್ಲ, ಯಾವ ಊರಿನ ಹಂಪು ಹೊಸದು, ಎಲ್ಲಿ ನೀರು ಸಿಗಲಿಲ್ಲ ಎಂಬುದನ್ನು ಅಲ್ಲೇ ನಿಂತು ಪಟ್ಟಿಯ ಹಿಂಬದಿಯಲ್ಲಿ ಬರೆದುಕೊಳ್ಳಬೇಕು, ಏಕೆಂದರೆ ಸ್ನಾನ ಮಾಡಿ ಊಟ ಮುಗಿಸಿ ಮಲಗಿ ಎದ್ದರೆ ಅದರಲ್ಲಿ ಅರ್ಧವೂ ನೆನಪಿರುವುದಿಲ್ಲ. ಬೈಕಿನಲ್ಲೋ ಕಾರಿನಲ್ಲೋ ಒಬ್ಬರೇ ಮನೆಗೆ ಹೊರಡುವವರು ತಲುಪಿದ ಮೇಲೆ ಸಂದೇಶ ಕಳುಹಿಸಲಿ. ಸಂಜೆ ಐದರೊಳಗೆ ಸಂದೇಶ ಬಾರದವರಿಗೆ ಸ್ವೀಪ್ ಆಗಿದ್ದವರು ತಾವೇ ಕರೆ ಮಾಡಿ ವಿಚಾರಿಸಬೇಕು.